ಒಂದೇ ಗಣಕದಲ್ಲಿ ಹಲವು ಕಂಪೈಲರುಗಳು

ಸಿ ಭಾಷೆಯಲ್ಲಿ 2019ನೆಯ ಇಸವಿಯಲ್ಲಿ ಬರೆದಿಟ್ಟ ಒಂದು ಕ್ರಮವಿಧಿ ಇದೆಯೆಂದು ಊಹಿಸೋಣ. ಆಗ ಅದು ತೊಡಕಿಲ್ಲದೆ ನಡೆಯುತ್ತಿತ್ತು. ಈಗ ಅದನ್ನು ಹೊಸ ಗಣಕಯಂತ್ರಕ್ಕೆ ತಂದು, ಒಂದಕ್ಷರವನ್ನೂ ತಿದ್ದದೆ ಕಂಪೈಲ್ ಮಾಡಹೊರಟರೆ ಪರದೆಯ ತುಂಬ ದೋಷಸೂಚನೆಗಳು! ಬರೆಹ ಹಿಂದಿನದೇ, ಭಾಷೆಯೂ ಹಿಂದಿನದೇ. ಬದಲಾದದ್ದು ಕಂಪೈಲರ್.

ನಾವು ಬರೆದ ಕ್ರಮವಿಧಿಯನ್ನು ಯಂತ್ರದ ಭಾಷೆಗೆ ಪರಿವರ್ತಿಸತಕ್ಕ ಇನ್ನೊಂದು ಕ್ರಮವಿಧಿಯೇ ಕಂಪೈಲರ್. ಇವುಗಳಲ್ಲಿ ಬಹು ಪ್ರಸಿದ್ಧವಾದುದು ಜಿಸಿಸಿ. ರಿಚರ್ಡ್ ಸ್ಟಾಲ್‌ಮನ್ ಅದನ್ನು 1987ರಲ್ಲಿ ಹೊರತಂದರು. ಈಚೆಗೆ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಅದರ ಮುಖ್ಯ ಆವೃತ್ತಿಗಳು ಬರುತ್ತಿವೆ. ಬರಬರುತ್ತ ಅದರ ಕಟ್ಟುಪಾಡು ಬಿಗಿಯಾಗಿದೆ. ಎರಡು ಕಡತಗಳಲ್ಲಿ ಒಂದೇ ಹೆಸರಿನ ಸಾರ್ವತ್ರಿಕ ಚರಾಕ್ಷರವನ್ನು ಬೆಲೆ ಕೊಡದೆ ಬರೆದಿದ್ದರೆ 9ನೆಯ ಆವೃತ್ತಿಯು ಎರಡನ್ನೂ ಒಂದೆಂದು ಬಗೆದು ಸುಮ್ಮನಿರುತ್ತಿತ್ತು. 2020ರ 10ನೆಯ ಆವೃತ್ತಿಯಿಂದ ಅದು ತಪ್ಪೆನಿಸಿತು. ಮೊದಲೇ ಘೋಷಿಸದ ಫಂಕ್ಷನ್ನನ್ನು ಕರೆದರೆ 13ನೆಯದು ಎಚ್ಚರಿಕೆಯ ಮಾತನ್ನಾಡಿ ಮುಂದೆ ಸಾಗುವುದು. 2024ರ 14ನೆಯದು ಅಲ್ಲಿಯೇ ತಡೆಯುವುದು. 2025ರ 15ನೆಯದು, ಬೇರೆ ಸೂಚನೆ ಇಲ್ಲದಿದ್ದರೆ, ಸಿ ಭಾಷೆಯ ಸಿ23 ಎಂಬ ಪ್ರಮಾಣವನ್ನು ಅನುಸರಿಸುತ್ತದೆ. ಆ ಪ್ರಮಾಣದಲ್ಲಿ 'ಬೂಲ್' ಎಂಬುದು ಭಾಷೆಗೇ ಮೀಸಲಾದ ಪದ. ಆ ಹೆಸರಿನ ದತ್ತಾಂಶದ ಬಗೆಯನ್ನು ತಾವೇ ನಿರ್ಮಿಸಿಕೊಂಡಿದ್ದ ಹಳೆಯ ಕ್ರಮವಿಧಿಗಳು ಮುಗ್ಗರಿಸುತ್ತವೆ. ಕೇಶಿರಾಜನ ಸೂತ್ರಗಳನ್ನು ಹಿಡಿದು ಇಂದಿನ ದಿನಪತ್ರಿಕೆಯನ್ನು ತಿದ್ದಹೊರಟರೆ ಎಷ್ಟು ತಪ್ಪುಗಳು ಕಂಡಾವು! ಇಲ್ಲಿ ನಡೆಯುವುದು ಅದರ ವಿಪರ್ಯಯ: ಹಳೆಯ ಬರೆಹವನ್ನು ಹೊಸ ವ್ಯಾಕರಣವು ತಿದ್ದುತ್ತದೆ.

ಈ ಬಿಗಿ ಒಳ್ಳೆಯದೇ. ಆದರೆ ಸಂಶೋಧಕನೊಬ್ಬನು ಆರು ವರ್ಷದ ಹಿಂದಿನ ಲೆಕ್ಕವನ್ನು ಇದ್ದಂತೆಯೇ ಮತ್ತೆ ಮಾಡಿ ಪರೀಕ್ಷಿಸಬೇಕಾಗಿದೆ ಎನ್ನಿ. ಕ್ರಮವಿಧಿಯನ್ನು ತಿದ್ದಿದರೆ ಅದು ಅದೇ ಲೆಕ್ಕವಾಗಿ ಉಳಿಯಿತೆ? ಕಂಪೈಲರ್ ಬದಲಾದರೆ ದಶಮಾಂಶದ ಕೊನೆಯ ಅಂಕಿಗಳು ವ್ಯತ್ಯಾಸವಾಗುವುದೂ ಉಂಟು. ಹಳೆಯ ಪ್ರಮಾಣವನ್ನೇ ಅನುಸರಿಸೆಂದು ಹೊಸ ಕಂಪೈಲರಿಗೆ ಆದೇಶ ಕೊಡಬಹುದು. 'ಬೂಲ್'ನಂಥ ತೊಡಕಿಗೆ ಅಷ್ಟು ಸಾಕು. ಅದರಿಂದಲೂ ತೀರದಿದ್ದಾಗ ಹಳೆಯ ಕಂಪೈಲರನ್ನೇ ತರಬೇಕಾಗುತ್ತದೆ, ಹೊಸದನ್ನು ಕಳೆದುಕೊಳ್ಳದೆ.

ಎರಡೂ ಒಂದೆಡೆ ಇದ್ದರೆ ಜಗಳವಾಗದೆ? ಆಗದು. ಉಬುಂಟು 24.04ರಲ್ಲಿ ಜಿಸಿಸಿ-12, ಜಿಸಿಸಿ-13, ಜಿಸಿಸಿ-14 ಎಂದು ಅಂಕೆಯೊಡನೆಯೇ ಅವುಗಳ ಹೆಸರು. ಒಂದೊಂದರ ಒಳಗಡತಗಳಿಗೂ ಬೇರೆ ಬೇರೆ ಡೈರೆಕ್ಟರಿ. ಬರಿಯ 'ಜಿಸಿಸಿ' ಎಂಬುದು ಅಲ್ಲಿ 13ನೆಯದರತ್ತ ಬೆರಳು ತೋರಿಸುವ ಒಂದು ಕೊಂಡಿ ಮಾತ್ರ. ಆ್ಯಪ್ಟ್ ಎಂಬ ಸಾಧನಕ್ಕೆ ಜಿಸಿಸಿ-12 ಬೇಕೆಂದು ಹೇಳಿದರೆ ಅದು ಬಂದು 13ರ ಪಕ್ಕದಲ್ಲಿ ನೆಲೆಸುತ್ತದೆ. ಸಿ++ ಬೇಕಾದವರು ಜಿ++-12ನ್ನೂ ಪ್ರತ್ಯೇಕವಾಗಿ ಕೇಳಬೇಕು.

ಭಂಡಾರದಲ್ಲಿ ಸಿಕ್ಕದಷ್ಟು ಹಳೆಯದು, ಅಥವಾ ತೀರ ಹೊಸದು ಬೇಕಾದರೆ ಮೂಲದಿಂದಲೇ ಕಟ್ಟಬೇಕು. ಇಲ್ಲೊಂದು ಸ್ವಾರಸ್ಯವಿದೆ. ಕಂಪೈಲರನ್ನು ಕಟ್ಟಲು ಕಂಪೈಲರೇ ಬೇಕಲ್ಲವೆ? ಜಿಸಿಸಿಯು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಸಿದ್ಧವಾಗುತ್ತದೆ. ಗಣಕದಲ್ಲಿ ಈಗಾಗಲೇ ಇರುವ ಕಂಪೈಲರು ಮೊದಲನೆಯ ಪ್ರತಿಯನ್ನು ಕಟ್ಟುತ್ತದೆ. ಆ ಪ್ರತಿಯು ಅದೇ ಮೂಲದಿಂದ ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ ಕಟ್ಟುತ್ತವೆ. ಎರಡನೆಯ ಮೂರನೆಯ ಪ್ರತಿಗಳ ಆಬ್ಜೆಕ್ಟ್ ಕಡತಗಳು ಒಂದಕ್ಕೊಂದು ಹೊಂದಿದರೆ ಕೆಲಸ ಸರಿಯಾಯಿತೆಂದು ಅರ್ಥ. ಇದಕ್ಕೆ ತಾಳ್ಮೆ ಬೇಕು, ಡಿಸ್ಕಿನಲ್ಲಿ ಧಾರಾಳವಾದ ಸ್ಥಳವೂ ಬೇಕು. ಹೀಗೆ ಕಟ್ಟಿದ್ದನ್ನು ಅದರದೇ ಪ್ರತ್ಯೇಕ ಡೈರೆಕ್ಟರಿಯಲ್ಲಿ ಇಡತಕ್ಕದ್ದು. ಬೇಡವಾದ ದಿನ ಆ ಡೈರೆಕ್ಟರಿಯನ್ನು ಅಳಿಸಿದರೆ ತೀರಿತು.

ಆದರೆ ಅಲ್ಲಿಟ್ಟದ್ದು ಗಣಕಕ್ಕೆ ತಿಳಿಯುವ ಬಗೆ? ಆಜ್ಞೆಯ ಹೆಸರು ಬರೆದೊಡನೆ ಗಣಕವು 'ಪಾತ್' ಎಂಬ ಪಟ್ಟಿಯಲ್ಲಿರುವ ಡೈರೆಕ್ಟರಿಗಳನ್ನು ಒಂದಾದಮೇಲೊಂದರಂತೆ ಹುಡುಕಿ, ಮೊದಲು ಸಿಕ್ಕಿದ್ದನ್ನೇ ನಡೆಸುತ್ತದೆ. ರಾಮಣ್ಣನವರ ಮನೆ ಯಾವುದೆಂದು ವಿಚಾರಿಸುತ್ತ ಬೀದಿಯಲ್ಲಿ ನಡೆದವನು ಮೊದಲು ಕಂಡ ರಾಮಣ್ಣನ ಕೈಗೇ ಕಾಗದ ಕೊಟ್ಟಂತೆ. ನಮ್ಮ ಡೈರೆಕ್ಟರಿಯನ್ನು ಪಟ್ಟಿಯ ಮೊದಲಿಗೆ ಸೇರಿಸಿದರೆ ನಮ್ಮ ಕಂಪೈಲರೇ ಮುಂದೆ ಬರುತ್ತದೆ.

ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಎಂಬ ಸಾಧನದಿಂದ 'ಜಿಸಿಸಿ' ಎಂಬ ಕೊಂಡಿಯನ್ನೇ ಬೇಕಾದ ಆವೃತ್ತಿಯ ಕಡೆಗೆ ತಿರುಗಿಸಲೂ ಬಹುದು. ಹಾಗೆ ಮಾಡುವುದಾದರೆ ಜಿ++ ಕೂಡ ಜೊತೆಯಲ್ಲಿಯೇ ತಿರುಗುವಂತೆ ಹೊಂದಿಸಬೇಕು. ಆದರೂ ಈ ದಾರಿಯನ್ನು ನಾನು ಅಷ್ಟಾಗಿ ಮೆಚ್ಚುವವನಲ್ಲ. ಕೊಂಡಿ ತಿರುಗಿದರೆ ಗಣಕದಲ್ಲಿ ಬರಿಯ 'ಜಿಸಿಸಿ' ಎಂಬ ಹೆಸರಿನಿಂದ ಕಟ್ಟುವುದೆಲ್ಲಕ್ಕೂ ಕಂಪೈಲರ್ ಬದಲಾಗುತ್ತದೆ. 'ಸಿಸಿ' ಎಂಬ ಚರಾಕ್ಷರಕ್ಕೆ ಜಿಸಿಸಿ-12 ಎಂಬ ಬೆಲೆಯಿಟ್ಟು ಮೇಕ್ ನಡೆಸಿದರೆ, ಆ ಒಂದು ಕೆಲಸಕ್ಕೆ ಮಾತ್ರ ಹಳೆಯದು ಬಳಕೆಯಾಗಿ ಉಳಿದುದೆಲ್ಲ ಇದ್ದಂತೆಯೇ ಇರುತ್ತದೆ.

ಸಿ++ ಬಳಸುವವರಿಗೆ ಇನ್ನೊಂದು ತೊಡಕುಂಟು. ಸಿದ್ಧವಾದ ಕ್ರಮವಿಧಿ ನಡೆಯುವಾಗ ಪ್ರಮಾಣ ಗ್ರಂಥಾಲಯವೂ ಜೊತೆಗಿರಬೇಕಷ್ಟೆ. ಹೊಸ ಗ್ರಂಥಾಲಯವು ಹಳೆಯ ಕ್ರಮವಿಧಿಯನ್ನು ಸಾಮಾನ್ಯವಾಗಿ ನಡೆಸಿಕೊಡುತ್ತದೆ. ಹಳೆಯದು ಹೊಸದನ್ನು ನಡೆಸಲಾರದು. ಮನೆಯಲ್ಲಿ ಜಿ++-12ರಿಂದ ಕಟ್ಟಿದ್ದನ್ನು ಕಾಲೇಜಿನ ಹಳೆಯ ಗಣಕಕ್ಕೆ ಒಯ್ದಾಗ ಜಿಎಲ್ಐಬಿಸಿಎಕ್ಸ್‌ಎಕ್ಸ್ 3.4.30 ಸಿಕ್ಕಲಿಲ್ಲ ಎಂಬ ಉತ್ತರ ಬರುವುದು ಇದರಿಂದಲೇ. ಗ್ರಂಥಾಲಯವನ್ನು ಕ್ರಮವಿಧಿಯೊಳಗೇ ಅಡಕಗೊಳಿಸುವ ಆಯ್ಕೆಯೂ ಜಿ++ನಲ್ಲಿದೆ.

ಯಾವ ಆವೃತ್ತಿಯಿಂದ ಕಟ್ಟಿದ್ದೆಂಬುದನ್ನು ಕ್ರಮವಿಧಿಯ ಜೊತೆಯಲ್ಲಿಯೇ ಒಂದು ಸಾಲಿನಲ್ಲಿ ಬರೆದಿಡತಕ್ಕದ್ದು. ಆವೃತ್ತಿ ಬದಲಿಸಿದಾಗ ಹಳೆಯ ಆಬ್ಜೆಕ್ಟ್ ಕಡತಗಳನ್ನು ಅಳಿಸಿ ಮೊದಲಿನಿಂದ ಕಟ್ಟಬೇಕು. ಮೇಕ್ ನೋಡುವುದು ಕಡತಗಳ ಕಾಲವನ್ನು, ಕಂಪೈಲರ್ ಬದಲಾದುದನ್ನು ಅದು ತಾನಾಗಿ ಅರಿಯದು.