ಹೂವೆಲ್ಲ ಕಾಯಿಯಲ್ಲ

ಹೂಮಳೆ ಬಿದ್ದು ಎಂಟು-ಹತ್ತು ದಿನಗಳಲ್ಲಿ ತೋಟ ಬೆಳ್ಳಗಾದಾಗ ನಮಗೆಲ್ಲ ಸಂತೋಷ. ಆದರೆ ಹೂವಿನ ಪರಾಗವು ಶಲಾಕಾಗ್ರದ ಮೇಲೆ ಬಿದ್ದು, ಮೊಳೆತು, ನಳಿಕೆಯಾಗಿ ಅಂಡಾಶಯಕ್ಕಿಳಿದು ಅಂಡವನ್ನು ಕೂಡಿದರೆ ಮಾತ್ರ ಕಾಯಿ ಕಚ್ಚುತ್ತದೆ. ಕಾಫಿಯ ಅಂಡಾಶಯದಲ್ಲಿ ಸಾಮಾನ್ಯವಾಗಿ 2 ಅಂಡಗಳು. ಒಂದೇ ಬಲಿತರೆ ಸಿಗುವುದು ಉರುಟಾದ ಪೀಬೆರಿ.

ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ, ಅದಕ್ಕೆ ತನ್ನ ಪರಾಗ ಒಗ್ಗದು. ಒಂದೇ ತಾಯಿಗಿಡದಿಂದ ಕಸಿ ಮಾಡಿದ ಗಿಡಗಳಷ್ಟೇ ತೋಟದಲ್ಲಿದ್ದರೂ ಪ್ರಯೋಜನವಿಲ್ಲ. ಬೇರೆ ಗಿಡದ ಪರಾಗವೇ ಬೇಕು. ಅದನ್ನು ತರುವವು ಗಾಳಿ ಮತ್ತು ಜೇನು. ಅಡಿಕೆಯ ಹಿಂಗಾರದಲ್ಲಿಯೂ ಗಂಡು ಹೂವು ಮೊದಲು ಅರಳಿ ಉದುರಿದ ಮೇಲೆ ಹೆಣ್ಣು ಹೂವು ಅರಳುವುದರಿಂದ, ಬಹುಮಟ್ಟಿಗೆ ನೆರೆಮರದ ಪರಾಗವೇ ಗತಿ.

ಆದುದರಿಂದ ಕಾಫಿ ಹೂವು ಅರಳಿರುವ ದಿನಗಳಲ್ಲಿ ಕೀಟನಾಶಕ ಸಿಂಪಡಿಸದಿರೋಣ. ಸ್ಪ್ರಿಂಕ್ಲರ್ ನಿಲ್ಲಿಸೋಣ, ನೆನೆದ ಪರಾಗ ಹಾರದು. ಹೆಜ್ಜೇನು ಕಟ್ಟುವ ಮರಗಳನ್ನು ಉಳಿಸೋಣ. ಸಾಧ್ಯವಾದವರು ತುಡುವೆ ಪೆಟ್ಟಿಗೆಗಳನ್ನಿಡೋಣ. ಗೊಬ್ಬರ, ಕೂಲಿ ಎಂದು ವರ್ಷವೆಲ್ಲ ಹಾಕಿದ ಹಣದ ಫಲ ಈ ಎರಡು-ಮೂರು ದಿನಗಳ ಮೇಲೆ ನಿಂತಿದೆ ಎಂಬುದನ್ನು ನಾವು ಮರೆಯಬಾರದು.