ಗಾಡಿ ಬಿಡುವ ಮುನ್ನ ಜಾಬ್ ಕಾರ್ಡ್ ಓದಿ

ಶೋರೂಂ ಸರ್ವಿಸ್‌ನಲ್ಲಿ ಮೋಸವಾಯಿತು ಎಂದು ಯಾರಾದರೂ ಅಂದರೆ, ಮೊದಲು ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ನಿಮ್ಮ ದೂರು ಬರೆದುಕೊಳ್ಳುವ ಕಾಗದ, ತೋರಿಸಿ ಎನ್ನುತ್ತೇನೆ. ಹೆಚ್ಚಿನವರ ಹತ್ತಿರ ಬಿಲ್ ಇರುತ್ತದೆ, ಜಾಬ್ ಕಾರ್ಡ್ ಇರುವುದಿಲ್ಲ. ಇದ್ದರೂ ಅದರಲ್ಲಿ ಅವರು ಹೇಳಿದ ತಕರಾರಿನ ಸುಳಿವೇ ಇರುವುದಿಲ್ಲ. ‘ಜನರಲ್ ಚೆಕಪ್’ ಎಂದು ಬರೆದು, ಕೆಳಗೆ ಇವರಿಂದಲೇ ಸಹಿ ಹಾಕಿಸಿಕೊಂಡಿರುತ್ತಾರೆ.

ಬನಶಂಕರಿ, ಚೊಳಚಗುಡ್ಡ, ಬಾದಾಮಿ ಕಡೆಯವರಿಗೆ ಹಲವು ಕಂಪನಿಗಳ ಅಧಿಕೃತ ವರ್ಕ್‌ಶಾಪ್ ಎಂದರೆ ಬಾಗಲಕೋಟೆ, ಇಲ್ಲವೇ ನೂರು ಕಿಲೋಮೀಟರ್ ದಾಟಿದ ಹುಬ್ಬಳ್ಳಿ. ಹುನಗುಂದ, ಇಳಕಲ್ಲಿನವರ ಪಾಡೂ ಹೆಚ್ಚು ಬೇರೆಯಲ್ಲ. ಬೆಳಿಗ್ಗೆ ಗಾಡಿ ಬಿಟ್ಟು ಸಂಜೆ ಅದರಲ್ಲೇ ಊರು ಸೇರಬೇಕು. ಬನದ ಹುಣ್ಣಿಮೆ ಹತ್ತಿರ ಬಂದು, ಬನಶಂಕರಿ ಜಾತ್ರೆಗೆ ಬೀಗರು ಬರುವ ಹೊತ್ತಾದರಂತೂ ಕೇಳುವುದೇ ಬೇಡ. ಈ ಅವಸರದಲ್ಲಿ ಯಾರೂ ಕಾಗದ ಓದುವುದಿಲ್ಲ ಎಂಬುದು ಕೌಂಟರಿನವರಿಗೆ ಚೆನ್ನಾಗಿ ಗೊತ್ತು.

ಹೊರಡುವ ಮುನ್ನ

ಅಪಾಯಿಂಟ್‌ಮೆಂಟ್ ಪಡೆದೇ ಹೊರಡಿ. ಆಗೊಮ್ಮೆ ಈಗೊಮ್ಮೆ ಬರುವ ಸದ್ದು, ಮಿಣುಕುವ ಎಚ್ಚರಿಕೆ ದೀಪ, ತಂಪು ಬಿಟ್ಟು ಬಿಸಿ ಗಾಳಿ ಊದುವ ಎಸಿ ಇವೆಲ್ಲ ವರ್ಕ್‌ಶಾಪಿನ ಬಾಗಿಲಿಗೆ ಹೋದ ಕೂಡಲೇ ಸುಮ್ಮನಾಗಿಬಿಡುತ್ತವೆ. ಮೊದಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಚಾಲನೆ ಮಾಡುತ್ತ ಬೇಡ, ಪಕ್ಕದಲ್ಲಿ ಕುಳಿತವರು ಮಾಡಲಿ. ಓನರ್ಸ್ ಮ್ಯಾನುಯಲ್‌ನಲ್ಲಿ ಸರ್ವಿಸ್ ವೇಳಾಪಟ್ಟಿಯ ಪುಟ ನೋಡಿ. ಈ ಸಲ ಏನೇನು ಬದಲಿಸಬೇಕು ಎಂದು ಅಲ್ಲಿ ಅಚ್ಚಾಗಿರುತ್ತದೆ.

ಕೌಂಟರಿನಲ್ಲಿ

ಇಲ್ಲಿ ಸ್ವಲ್ಪ ನಿಲ್ಲೋಣ, ಹೆಚ್ಚಿನವರು ಸೋಲುವುದು ಇಲ್ಲೇ. ‘ಪಟ್ಟದಕಲ್ಲಿನ ರಸ್ತೆಯಲ್ಲಿ ತಗ್ಗು ಇಳಿದಾಗ ಮುಂದಿನ ಎಡಗಾಲಿ ಕಡೆ ಕಟಕಟ ಸದ್ದು ಬರತೈತ್ರಿ, ಸ್ಟೇರಿಂಗ್ ನಡಗತೈತಿ’ ಎಂದು ನೀವು ವಿವರಿಸುತ್ತೀರಿ. ಸರ್ವಿಸ್ ಅಡ್ವೈಸರ್ ತಲೆಯಾಡಿಸಿ ‘ಸಸ್ಪೆನ್ಷನ್ ಚೆಕ್’ ಎಂದು ಟೈಪ್ ಮಾಡುತ್ತಾರೆ. ತಗ್ಗು, ಎಡಗಾಲಿ, ಸ್ಟೇರಿಂಗ್ ಎಲ್ಲ ಅಲ್ಲೇ ಬಿದ್ದುಹೋದವು. ಒಳಗೆ ಕೆಲಸ ಮಾಡುವ ಮೆಕ್ಯಾನಿಕ್ ನಿಮ್ಮ ಮುಖ ನೋಡಿಲ್ಲ. ಅವನ ಕೈಗೆ ಸಿಗುವುದು ಆ ಎರಡು ಪದ. ಗಾಡಿ ನಿಂತಲ್ಲೇ ಅಲುಗಾಡಿಸಿ ನೋಡಿ, ‘ಓಕೆ’ ಎಂದು ಬರೆದು ತೊಳೆಯಲು ಕಳಿಸುತ್ತಾನೆ.

ದೊಡ್ಡ ನಷ್ಟ ಆಗುವುದು ಮುಂದೆ. ಅದೇ ಸದ್ದಿಗೆ ಮೂರನೇ ಸಲ ಹೋದಾಗ ಮೂರೂ ಜಾಬ್ ಕಾರ್ಡಿನಲ್ಲಿ ಒಂದೇ ದೂರು ಇದ್ದರೆ, ದೋಷ ಸರಿಯಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಮೂರರಲ್ಲೂ ‘ಜನರಲ್ ಚೆಕಪ್’ ಎಂದಿದ್ದರೆ ನೀವು ಮಾಮೂಲಿ ಸರ್ವಿಸ್‌ಗೆ ಬಂದವರು, ಅಷ್ಟೇ. ಇಷ್ಟರಲ್ಲಿ ವಾರಂಟಿ ಮುಗಿದಿದ್ದರೆ ಅದು ‘ಹೊಸ ತೊಂದರೆ’ಯಾಗಿ, ದುಡ್ಡು ನಿಮ್ಮ ಕೈಯಿಂದ ಹೋಗುತ್ತದೆ. ವಾರಂಟಿ ಅವಧಿಯೊಳಗೆ, ತಾರೀಖು ಮತ್ತು ಕಿಲೋಮೀಟರ್ ಸಮೇತ ದಾಖಲಾದ ದೂರನ್ನು ಹಾಗೆ ತಳ್ಳಿಹಾಕುವುದು ಸುಲಭವಲ್ಲ.

ಆದ್ದರಿಂದ ತಕರಾರನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದು ಒಯ್ಯಿರಿ. ಯಾವಾಗ, ಎಷ್ಟು ವೇಗದಲ್ಲಿ, ಯಾವ ಬದಿಗೆ ಎಂಬುದು ಅದರಲ್ಲಿರಲಿ. ಗ್ರಾಹಕರ ದೂರಿನ ಜಾಗದಲ್ಲಿ ಅದನ್ನೇ ಟೈಪ್ ಮಾಡಿಸಿ. ‘ಸಿಸ್ಟಮ್‌ನ್ಯಾಗ ಕನ್ನಡ ಬರಂಗಿಲ್ರೀ’ ಎಂದರೆ, ಪ್ರಿಂಟ್ ತೆಗೆಸಿ ಅದರ ಮೇಲೆ ಪೆನ್ನಿನಿಂದ ಕನ್ನಡದಲ್ಲೇ ಬರೆದು, ಇಬ್ಬರೂ ಸಹಿ ಹಾಕಿ ಫೋಟೊ ತೆಗೆದುಕೊಳ್ಳಿ. ಅದಕ್ಕೂ ಒಪ್ಪದಿದ್ದರೆ ಅಲ್ಲೇ ಕುಳಿತು ಅದೇ ಮಾತನ್ನು ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ. ಖಾಲಿ ಕಾರ್ಡಿಗೆ ಸಹಿ ಬೇಡವೇ ಬೇಡ. ಕೆಲವು ಕಡೆ ಈಗ ಸಹಿಯ ಬದಲು ಒಟಿಪಿ ಕೇಳುತ್ತಾರೆ. ಕೊಟ್ಟರೆ ಅದೂ ಸಹಿಯೇ.

ಸಾಧ್ಯವಿದ್ದರೆ ಗಾಡಿ ಒಳಗೆ ಹೋಗುವ ಮುನ್ನ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಸದ್ದು ಕೇಳಿಸಿ.

ಬೇಡದ್ದು, ಬೇಕಾದದ್ದು

ಎಂಜಿನ್ ಫ್ಲಶಿಂಗ್, ಎಸಿ ಡಿಸಿನ್ಫೆಕ್ಷನ್, ಅಂಡರ್‌ಬಾಡಿ ಕೋಟಿಂಗ್ ಎಂದು ಪಟ್ಟಿ ಉದ್ದವಾಗುತ್ತದೆ. ಮ್ಯಾನುಯಲ್‌ನಲ್ಲಿ ಇಲ್ಲದ್ದು ಯಾಕೆ ಬೇಕು ಎಂದು ಕೇಳಿ, ಅರ್ಧ ಪಟ್ಟಿ ಅಲ್ಲೇ ಕರಗುತ್ತದೆ. ನಮ್ಮ ಎರೆಭೂಮಿಯ ಧೂಳಿಗೆ ನಿಜವಾಗಿ ಬೇಕಾದದ್ದು ಏರ್ ಫಿಲ್ಟರ್. ಧೂಳಿನ ಪ್ರದೇಶದಲ್ಲಿ ಅದನ್ನು ಬೇಗ ಬದಲಿಸಿ ಎಂದು ಮ್ಯಾನುಯಲ್‌ಗಳೇ ಹೇಳುತ್ತವೆ. ಅದನ್ನು ಬಿಟ್ಟು ಪಾಲಿಶ್ ಹಚ್ಚಿಸಿಕೊಂಡು ಬರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಅಂದಾಜು ವೆಚ್ಚ ಬರಹದಲ್ಲಿರಲಿ. ನಡುವೆ ಫೋನ್ ಮಾಡಿ ‘ಇದೊಂದ್ ಹಾಕಬೇಕ್ರಿ’ ಎಂದರೆ, ಬೆಲೆ ಸಮೇತ ವಾಟ್ಸ್ಆ್ಯಪ್ ಕಳಿಸಿ ಎನ್ನಿ.

ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ಹೋಯಿತು ಎಂಬ ಹೆದರಿಕೆ ಹಳೆಯದು. ಬಿಡಿಭಾಗಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಆ ಆದೇಶ ಮೇಲ್ಮನವಿಗಳಿಗೆ ಸಿಕ್ಕಿತು. ಅದನ್ನೇ ನಂಬಿಕೊಂಡು ವಾರಂಟಿ ಇರುವಾಗ ಹೊರಗೆ ಎಂಜಿನ್ ಬಿಚ್ಚಿಸಬೇಡಿ.

ಗಾಡಿ ಪಡೆಯುವಾಗ

ದುಡ್ಡು ಕೊಡುವ ಮೊದಲು ಓಡಿಸಿ ನೋಡಿ. ನೀವು ದುಡ್ಡು ಕೊಟ್ಟು ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಿಸಿದ್ದು ಕಂಪನಿಗೆ ಹೋಗುತ್ತದೆ. ತೊಂದರೆ ಉಳಿದಿದ್ದರೆ ‘ತೃಪ್ತಿಕರ’ ಎಂಬ ಚೀಟಿಗೆ ಸಹಿ ಹಾಕುವಾಗ ಪಕ್ಕದಲ್ಲೇ ‘ಸದ್ದು ಇನ್ನೂ ಇದೆ’ ಎಂದು ಬರೆಯಿರಿ. ಮರುದಿನ ‘ಹತ್ತಕ್ಕ ಹತ್ತು ಕೊಡ್ರಿ ಸರ್, ಇಲ್ಲಾಂದ್ರ ನಮ್ಮ ಇನ್ಸೆಂಟಿವ್ ಹೋಗತೈತಿ’ ಎಂದು ಕರೆ ಬರುತ್ತದೆ. ಹುಡುಗರ ಕಷ್ಟ ಸುಳ್ಳಲ್ಲ, ಆದರೆ ಆ ಹತ್ತು ಅಂಕವೂ ದಾಖಲೆಯೇ. ಬಿಲ್ಲನ್ನೂ ಕೇಳಿ ಪಡೆಯಿರಿ, ಅದನ್ನು ಕೊಡದಿರುವುದು ಗ್ರಾಹಕ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಆದರೂ ಸರಿಹೋಗದಿದ್ದರೆ

ಸರ್ವಿಸ್ ಮ್ಯಾನೇಜರ್‌ಗೆ, ಬಳಿಕ ಕಂಪನಿಗೆ ಇಮೇಲ್. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶೋರೂಂ ಹುಬ್ಬಳ್ಳಿಯದ್ದಾದರೂ ಬಾಗಲಕೋಟೆಯ ಆಯೋಗ ಸಾಕು. ನೀವು ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗದ ವ್ಯಾಪ್ತಿ, ಎರಡು ವರ್ಷ ಗಡುವು. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ತಾಣದಲ್ಲಿ ಮನೆಯಿಂದಲೂ ಸಲ್ಲಿಸಬಹುದು. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಸ್ವತಃ ಟ್ಯಾಕ್ಸಿ ಓಡಿಸಿ ಜೀವನ ಮಾಡುವವರೂ ಗ್ರಾಹಕರೇ, ‘ಕಮರ್ಷಿಯಲ್ ಗಾಡಿ’ ಎಂಬ ನೆಪಕ್ಕೆ ಹಿಂದೆ ಸರಿಯಬೇಡಿ. ಬೇಡಿಕೆ ಹದವಾಗಿರಲಿ. ವಾರಂಟಿ ಎಂದರೆ ದೋಷದ ಭಾಗ ಬದಲಿಸುವ ಹೊಣೆ, ಇಡೀ ಕಾರು ಬದಲಿಸುವುದಲ್ಲ ಎಂದು ಮಾರುತಿ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೆಂಗಳೂರಿನ ಫಿಯೆಟ್ ಸಿಯೆನಾ ಪ್ರಕರಣದಲ್ಲಿ 2010ರಲ್ಲಿ ಅದೇ ಕೋರ್ಟ್, ಸ್ವತಂತ್ರ ತಜ್ಞರು ತಯಾರಿಕೆಯ ದೋಷವೆಂದರೆ ಹಣ ಬಡ್ಡಿ ಸಮೇತ ವಾಪಸ್ ಎಂದಿತು. ದೂರಿನಲ್ಲಿ ಡೀಲರ್, ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ.