ನಮ್ಮ ಕೆರೆಗಳಿಗೂ ಸರೋವರ ನಾಡಿನ ಕಾವಲು ಸಿಕ್ಕೀತೇ?

ಪ್ರಶ್ನೆ: ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಎತ್ತ ನೋಡಿದರೂ ಕೆರೆ. ಇಂಗ್ಲೆಂಡಿನ ಸರೋವರ ನಾಡು ರಾಷ್ಟ್ರೀಯ ಉದ್ಯಾನವಂತೆ. ನಮ್ಮವನ್ನೂ ಹಾಗೆಯೇ ಕಾಪಾಡಲು ಬರುವುದಿಲ್ಲವೇ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಈ ಸಂದೇಹ ಹಲವರದು.

ಮೊದಲು ಒಂದು ವ್ಯತ್ಯಾಸ ನೋಡೋಣ. ಅಲ್ಲಿನ ಸರೋವರಗಳು ಹಿಮನದಿಗಳು ಕೊರೆದ ಕಣಿವೆಗಳಲ್ಲಿ ತಾವಾಗಿ ನಿಂತ ನೀರು. ನಮ್ಮ ಕೆರೆಗಳು ಕಟ್ಟಿದವು. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ಗದ್ದೆಗೆ ಬಿಡಲು ತೂಬು ಇಟ್ಟು, ಹೆಚ್ಚಿದ್ದು ಹರಿಯಲು ಕೋಡಿ ಬಿಟ್ಟಿದ್ದಾರೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಹೀಗಾಗಿ ಒಂದೇ ಕೆರೆಗೆ ಬೇಲಿ ಹಾಕಿ ಪ್ರಯೋಜನವಿಲ್ಲ. ಮೇಲಿನ ಕಾಲುವೆ ಮುಚ್ಚಿದರೆ ಬೇಲಿಯೊಳಗೆ ಉಳಿಯುವುದು ಹೂಳು ಮಾತ್ರ. ಹಿಂದಿನವರಿಗೆ ಇದು ಗೊತ್ತಿತ್ತು. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಕೊಟ್ಟ ಭೂಮಿಗೆ ಶಾಸನಗಳು ಕಟ್ಟುಕೊಡಗಿ ಎನ್ನುತ್ತವೆ. ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಡಲು ನೀರಗಂಟಿ ಇರುತ್ತಿದ್ದ. ನನ್ನನ್ನು ಕೇಳಿದರೆ, ಕಾವಲೆಂದರೆ ಅದೇ.

ಹಾಗಾದರೆ ಕಾನೂನು? ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ಇಲ್ಲೇ ಗೊಂದಲ ಹುಟ್ಟುವುದು: ಮನುಷ್ಯ ಕಟ್ಟಿದ ಕೆರೆಗೆ ಮಾನ್ಯತೆಯೇ ಇಲ್ಲವೇನೋ ಅನ್ನಿಸುತ್ತದೆ. ಹಾಗಲ್ಲ. ವಿಜಯನಗರ ಜಿಲ್ಲೆಯ ಅಂಕಸಮುದ್ರ ನೀರಾವರಿ ಕೆರೆಯೇ. 2024ರಲ್ಲಿ ಅದೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದವು. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ರಾಜ್ಯದಲ್ಲಿ ಕೆರೆಗಳಿಗೆಂದೇ 2014ರ ಕಾಯ್ದೆಯೂ ಇದೆ.

ನೀವು ಹೇಳಿದ ಇಂಗ್ಲೆಂಡಿನ ಸರೋವರ ನಾಡಿಗೂ 2017ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಕೊಟ್ಟದ್ದು ಬರೀ ನೀರು, ಬೆಟ್ಟ ನೋಡಿ ಅಲ್ಲ. ಅಲ್ಲಿನ ಕುರಿ ಸಾಕಣೆಯ ಬದುಕೂ ಲೆಕ್ಕಕ್ಕೆ ಬಂತು. ನಮ್ಮಲ್ಲಿ ಏರಿ, ಗದ್ದೆ, ತೂಬು ಸೇರಿಯೇ ಪರಂಪರೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೆಸರು ಬಂದದ್ದೇ 'ಬಿಳಿ ಕೊಳ'ದಿಂದ. ಗೊರೂರು ಜಲಾಶಯ ಮಾತ್ರ ಬೇರೆ ಜಾತಿಯದು. 1979ರಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅದು.

ನಂಬಿಕೆಯೂ ಕಾವಲಾಗಬಲ್ಲದು. ಅರಕಲಗೂಡಿನ ಕಡೆ ಹೋದರೆ ರಾಮನಾಥಪುರದಲ್ಲಿ ಕಾವೇರಿ ದಡಕ್ಕೆ ಇಳಿದು ನೋಡಿ. ವಹ್ನಿಪುಷ್ಕರಿಣಿಯ ಮೀನುಗಳಿಗೆ ಭಕ್ತರು ಪುರಿ ಹಾಕುತ್ತಾರೆ. ದೇವರ ಮೀನೆಂದು ಅವನ್ನು ಹಿಡಿಯುವುದಿಲ್ಲ.